ಸ್ವೀಡನ್ನಿನಲ್ಲಿ ಒಂದು ಶಾಲಾ ವರ್ಷ

ವಿದ್ಯಾರ್ಥಿ ವಿನಿಮಯ ಯೋಜನೆಯಲ್ಲಿ ಸ್ವೀಡನ್ನಿಗೆ ಹೋಗುವವರು ಹೆಚ್ಚಾಗಿ 15ರಿಂದ 18 ವರ್ಷದ ಹುಡುಗ ಹುಡುಗಿಯರು. ಆಗಸ್ಟ್ ನಡುವಿಗೆ ಶಾಲೆ ಆರಂಭವಾಗುವ ಹೊತ್ತಿಗೆ ಹೋಗಿ, ಮರುವರ್ಷ ಜೂನಿನಲ್ಲಿ ಶಾಲೆ ಮುಗಿದ ಮೇಲೆ ಮರಳುತ್ತಾರೆ. ಈ ಹತ್ತು ತಿಂಗಳು ಅವರ ವಾಸ ಹಾಸ್ಟೆಲಿನಲ್ಲಲ್ಲ, ಸ್ವೀಡಿಷ್ ಕುಟುಂಬವೊಂದರ ಮನೆಯಲ್ಲಿ. ಇಂಥ ವಿನಿಮಯ ಏರ್ಪಡಿಸುವ ಸಂಸ್ಥೆಗಳಲ್ಲಿ ಎಎಫ್‌ಎಸ್ ಹಳೆಯದು. ಮೊದಲ ಮಹಾಯುದ್ಧದಲ್ಲಿ ಗಾಯಾಳುಗಳನ್ನು ಸಾಗಿಸುತ್ತಿದ್ದ ಅಮೆರಿಕದ ಆಂಬ್ಯುಲೆನ್ಸ್ ಸ್ವಯಂಸೇವಕರ ಬಳಗವದು. ಎರಡನೆಯ ಯುದ್ಧ ಮುಗಿದ ಬಳಿಕ, 1947ರಲ್ಲಿ, ಶಾಲಾ ಮಕ್ಕಳ ವಿನಿಮಯಕ್ಕೆ ಕೈಹಾಕಿತು. 1951ರಲ್ಲಿ ಹುಟ್ಟಿದ ಯೂತ್ ಫಾರ್ ಅಂಡರ್‌ಸ್ಟ್ಯಾಂಡಿಂಗ್ ಇನ್ನೊಂದು ದಾರಿ. ಕರ್ನಾಟಕದ ಸಣ್ಣ ಊರುಗಳಲ್ಲೂ ಫಲಕ ಕಾಣುವ ರೋಟರಿ ಮತ್ತೊಂದು. ರೋಟರಿಯಲ್ಲಾದರೆ ವರ್ಷದೊಳಗೆ ಒಂದೆರಡು ಸಲ ಮನೆ ಬದಲಾಗುವುದು ರೂಢಿ. ಮನೆಯವರು ಸಾಮಾನ್ಯವಾಗಿ ಹಣ ಪಡೆಯುವುದಿಲ್ಲ. ಅವರು ಬಯಸುವುದು ಅತಿಥಿಯನ್ನಲ್ಲ, ಪಾತ್ರೆ ತೊಳೆಯಲು ಪಾಳಿ ಹಚ್ಚಬಹುದಾದ ಇನ್ನೊಂದು ಮಗುವನ್ನು.

ಮೂರು ತಿಂಗಳು ಮೀರಿ ಉಳಿಯಲು ವಲಸೆ ಇಲಾಖೆಯ ವಾಸದ ಪರವಾನಗಿ ಬೇಕು. ಅದು ಸಿಕ್ಕ ಮೇಲೂ ಒಂದು ತೊಡಕು ಉಳಿಯುತ್ತದೆ. ಅಲ್ಲಿನ ದೈನಂದಿನ ವ್ಯವಹಾರವೆಲ್ಲ 1947ರಲ್ಲಿ ಜಾರಿಗೆ ಬಂದ ವೈಯಕ್ತಿಕ ಗುರುತು ಸಂಖ್ಯೆಯ ಮೇಲೆ ನಿಂತಿದೆ. ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ನೆಲೆಸುವವರಿಗಷ್ಟೇ ತೆರಿಗೆ ಇಲಾಖೆ ಅದನ್ನು ಕೊಡುತ್ತದೆ. ಹತ್ತು ತಿಂಗಳಿಗೆ ಬಂದವರಿಗೆ ಇಲ್ಲ. ಸಂಖ್ಯೆ ಇಲ್ಲವೆಂದರೆ ಬ್ಯಾಂಕ್ ಖಾತೆ ತೆರೆಯುವುದು ಕಷ್ಟ. ಖಾತೆಯಿಲ್ಲದೆ, 2012ರಿಂದ ಸ್ವೀಡನ್ನಿನ ಯುಪಿಐ ಆಗಿರುವ ‘ಸ್ವಿಶ್’ ಕೂಡ ಇಲ್ಲ. ಸಿಟಿ ಬಸ್ಸಿನಲ್ಲಿ ನೋಟು ಚಾಚಿದರೆ ತೆಗೆದುಕೊಳ್ಳುವವರಿಲ್ಲ. ಊರಿನಿಂದ ತಂದ ಕಾರ್ಡೇ ಗತಿ.

ಒಂಬತ್ತನೆಯ ತರಗತಿ ಮುಗಿಸಿದ ಸ್ವೀಡಿಷ್ ಮಕ್ಕಳು ಮೂರು ವರ್ಷದ ಜಿಮ್ನೇಸಿಯಂ ಶಾಲೆಗೆ ಸೇರುತ್ತಾರೆ. ವಿನಿಮಯ ವಿದ್ಯಾರ್ಥಿ ಓದುವುದೂ ಅಲ್ಲೇ. ದೇಶದಾದ್ಯಂತ ಒಂದೇ ರೀತಿಯ 18 ಪಠ್ಯಕ್ರಮಗಳಿವೆ. ಅವುಗಳಲ್ಲಿ 12 ಕಸುಬಿನವು, ಆರು ವಿಶ್ವವಿದ್ಯಾಲಯದ ಓದಿಗೆ ಸಿದ್ಧಗೊಳಿಸುವಂಥವು. ಎಷ್ಟೋ ಶಾಲೆಗಳಲ್ಲಿ ಎಲೆಕ್ಟ್ರಿಷಿಯನ್ ಆಗಲು ಹೊರಟವರೂ ಗಣಿತ ಓದುವವರೂ ಒಂದೇ ಊಟದ ಮನೆಯಲ್ಲಿ ಕೂರುತ್ತಾರೆ. ಭಾರತದಿಂದ ಹೋದವರಿಗೆ ಮೊದಲು ಕಸಿವಿಸಿಯಾಗುವುದು ಶಿಕ್ಷಕರನ್ನು ಕರೆಯುವ ಬಗೆ. ಸರ್, ಮೇಡಂ ಇಲ್ಲ. ಬರೀ ಹೆಸರು, ಅದೂ ಏಕವಚನದಲ್ಲಿ. ಇದು ಅಲ್ಲಿ ಅನಾದಿಯಿಂದ ಬಂದದ್ದಲ್ಲ. 1960ರ ದಶಕದವರೆಗೂ ಸ್ವೀಡನ್ನಿನಲ್ಲಿ ಹುದ್ದೆ, ಬಿರುದು ಹಿಡಿದೇ ಮಾತನಾಡಿಸಬೇಕಿತ್ತು, ಬಿರುದು ಗೊತ್ತಿಲ್ಲದಿದ್ದರೆ ಮಾತೇ ತಡವರಿಸುತ್ತಿತ್ತು. ವೈದ್ಯಕೀಯ ಇಲಾಖೆಯ ಮುಖ್ಯಸ್ಥರಾಗಿ 1967ರಲ್ಲಿ ಬಂದ ಬ್ರೋರ್ ರೆಕ್ಸೆಡ್, ಸಿಬ್ಬಂದಿಯೆಲ್ಲ ತಮ್ಮನ್ನು ಹೆಸರು ಹಿಡಿದು ಕರೆಯಲಿ ಎಂದರು. ಆಗಲೇ ಬೀಸತೊಡಗಿದ್ದ ಗಾಳಿಗೆ ಅದು ಬಲ ಕೊಟ್ಟಿತು. ಕೆಲವೇ ವರ್ಷಗಳಲ್ಲಿ ಬಿರುದು, ಬಹುವಚನಗಳ ಸಂಬೋಧನೆ ದೇಶದಿಂದ ಹೆಚ್ಚುಕಡಿಮೆ ಮಾಯವಾಯಿತು.

ಏಕವಚನದ ಸಲಿಗೆ ಕಂಡು ಶಿಸ್ತು ಸಡಿಲವೆಂದುಕೊಂಡರೆ ತಪ್ಪಾದೀತು. ಎರಡು ಪಾಠಗಳ ನಡುವೆ ಗಂಟೆಗಟ್ಟಲೆ ಬಿಡುವು ಬೀಳಬಹುದು; ಆಗ ಎಲ್ಲಿಗೆ ಹೋದೆ ಎಂದು ಕೇಳುವವರಿಲ್ಲ. ಆದರೆ ಹೇಳದೆ ಪಾಠ ತಪ್ಪಿಸಿದರೆ ಅದು ದಾಖಲಾಗುತ್ತದೆ. ಸ್ಥಳೀಯ ವಿದ್ಯಾರ್ಥಿಗಳಿಗೆ ಸರ್ಕಾರ ಕೊಡುವ ತಿಂಗಳಿಗೆ 1250 ಕ್ರೋನಾ ಅಧ್ಯಯನ ಭತ್ಯೆ ಹೀಗೆ ಪದೇ ಪದೇ ತಪ್ಪಿಸಿದವರಿಗೆ ನಿಂತುಹೋಗುತ್ತದೆ. ಎಯಿಂದ ಎಫ್‌ವರೆಗೆ ದರ್ಜೆ ಕೊಡುತ್ತಾರೆ, ರ‍್ಯಾಂಕ್ ಪಟ್ಟಿ ಗೋಡೆಗೇರುವುದಿಲ್ಲ. ಕಂಠಪಾಠಕ್ಕೆ ಬೆಲೆ ಕಡಿಮೆ. ಈ ಮಾತನ್ನು ಎಲ್ಲಿಂದ ತೆಗೆದೆ, ಬರೆದವರು ಯಾರು, ಅವರ ಹಿತಾಸಕ್ತಿ ಏನು ಎಂಬ ಪ್ರಶ್ನೆಗಳು ಪ್ರತಿ ವಿಷಯದಲ್ಲೂ ಎದುರಾಗುತ್ತವೆ. ಗೈಡು ನೋಡಿ ಓದಿದವರಿಗೆ ಭಾಷೆಗಿಂತ ಕಷ್ಟವಾಗುವುದು ಇದು.

ಶಾಲೆಯಲ್ಲಿ ಮಧ್ಯಾಹ್ನದ ಊಟ ಉಚಿತ. 1946ರಿಂದ ಸರ್ಕಾರದ ನೆರವಿನಿಂದ ಬೆಳೆದ ಈ ಏರ್ಪಾಡು ಒಂಬತ್ತನೆಯವರೆಗೆ ಕಾನೂನುಬದ್ಧ ಹಕ್ಕು. ಜಿಮ್ನೇಸಿಯಂನಲ್ಲಿ ಬಹುತೇಕ ಸ್ಥಳೀಯ ಆಡಳಿತಗಳು ತಾವಾಗಿಯೇ ಕೊಡುತ್ತವೆ. ಸಸ್ಯಾಹಾರಿಗಳಿಗೆ ದಿನವೂ ಒಂದು ಬಗೆ ಇದ್ದೇ ಇರುತ್ತದೆ, ಖಾರವನ್ನು ಮಾತ್ರ ನಿರೀಕ್ಷಿಸಬಾರದು. ಗುರುವಾರ ಬಟಾಣಿ ಸೂಪು ಮತ್ತು ಪ್ಯಾನ್‌ಕೇಕ್ ಹಳೆಯ ಸಂಪ್ರದಾಯ. ಸೂಪಿಗೆ ಹಂದಿ ಮಾಂಸ ಹಾಕುವುದೇ ವಾಡಿಕೆಯಾದ್ದರಿಂದ ಕೇಳಿ ಬಡಿಸಿಕೊಳ್ಳುವುದು ಲೇಸು. ಶುಕ್ರವಾರ ರಾತ್ರಿ ಮನೆಮಂದಿಯೆಲ್ಲ ಟಾಕೊ ಮಾಡಿಕೊಂಡು ಟಿವಿ ಮುಂದೆ ಕೂರುತ್ತಾರೆ.

ಶನಿವಾರ ಮಕ್ಕಳಿಗೆ ಮಿಠಾಯಿ. ಈ ಮುದ್ದಾದ ರೂಢಿಯ ಹಿಂದಿನ ಕಥೆ ಮಾತ್ರ ಕಹಿ. 1940ರ ದಶಕದ ಕೊನೆಯಲ್ಲಿ ಲುಂಡ್ ನಗರದ ವಿಪೆಹೋಲ್ಮ್ ಆಸ್ಪತ್ರೆಯಲ್ಲಿ, ಒಪ್ಪಿಗೆ ಕೊಡಲೂ ಆಗದ ಬುದ್ಧಿಮಾಂದ್ಯ ರೋಗಿಗಳಿಗೆ ಅಂಟುವ ಟಾಫಿಗಳನ್ನು ಬೇಕೆಂದೇ ತಿನ್ನಿಸಿ, ಹಲ್ಲು ಹುಳುಕಾಗುವುದನ್ನು ಅಳೆದರು. ಪದೇ ಪದೇ ತಿನ್ನುವುದೇ ಕೇಡು ಎಂದು ಗೊತ್ತಾದ ಮೇಲೆ ವಾರಕ್ಕೊಮ್ಮೆ ತಿನ್ನಿ ಎಂಬ ಸಲಹೆ ಬಂತು. ವಾರಕ್ಕೊಂದು ದಿನದ ಮಿಠಾಯಿ ಹಾಗೆ ನೆಲೆಯೂರಿತು.

ಮನೆಯ ರೀತಿನೀತಿಗಳಲ್ಲಿ ಕನ್ನಡದ ಮಕ್ಕಳಿಗೆ ಹೊಸದಲ್ಲದ್ದು ಒಂದಿದೆ: ಚಪ್ಪಲಿ ಬಾಗಿಲ ಬಳಿಯೇ ಬಿಡಬೇಕು. ಉಳಿದದ್ದಕ್ಕೆ ಹೊಂದಿಕೊಳ್ಳಬೇಕು. ಆರೂವರೆಗೆ ಊಟವೆಂದರೆ ಆರೂವರೆಗೇ. ಅಪಾರ್ಟ್‌ಮೆಂಟಿನಲ್ಲಿ ಬಟ್ಟೆ ಒಗೆಯುವ ಕೋಣೆ ಎಲ್ಲರಿಗೂ ಸೇರಿದ್ದು. ಸಮಯವನ್ನು ಮುಂಚೆಯೇ ಬರೆಸಿಟ್ಟುಕೊಳ್ಳಬೇಕು, ಮೀರಿದವರಿಗೆ ಗೋಡೆಯ ಚೀಟಿಯಲ್ಲಿ ಮಂಗಳಾರತಿ. ಮಕ್ಕಳ ಮೇಲೆ ಕೈಮಾಡುವುದನ್ನು 1979ರಲ್ಲಿ, ಜಗತ್ತಿನಲ್ಲೇ ಮೊದಲು, ಕಾನೂನಿನಿಂದ ನಿಷೇಧಿಸಿದ ದೇಶವಿದು. ತಂದೆತಾಯಿ ಗದರುವುದಕ್ಕಿಂತ ಚೌಕಾಸಿ ಮಾಡುವುದೇ ಹೆಚ್ಚು. ಗದರದ ಮನೆಯಲ್ಲಿ ಬೇಸರವಾಗಿದ್ದರೂ ಗೊತ್ತಾಗುವುದಿಲ್ಲ. ಏನು ತಪ್ಪಾಯಿತೆಂದು ಕೇಳಿ ತಿಳಿಯಬೇಕು.

ಆಟಕ್ಕೆ ಬಂದ ಪಕ್ಕದ ಮನೆಯ ಮಗುವನ್ನು ಕೋಣೆಯಲ್ಲೇ ಕೂರಿಸಿ ಮನೆಯವರಷ್ಟೇ ಊಟ ಮಾಡುವ ಸ್ವೀಡಿಷ್ ಪದ್ಧತಿಯ ಬಗ್ಗೆ 2022ರಲ್ಲಿ ಸಾಮಾಜಿಕ ಜಾಲತಾಣಗಳಲ್ಲಿ ದೊಡ್ಡ ಗದ್ದಲವೆದ್ದಿತು. ಉಂಡು ಹೋಗಿ ಎನ್ನುವುದೇ ಮರ್ಯಾದೆಯಾದ ನಾಡಿನವರಿಗೆ ಇದು ನಂಬಲಾಗದ ಮಾತು. ಆ ಮಗುವಿಗಾಗಿ ಅದರ ಮನೆಯಲ್ಲಿ ಅಡಿಗೆಯಾಗಿರುತ್ತದೆ, ಅದನ್ನು ಕೆಡಿಸಬಾರದು ಎಂಬುದು ಅಲ್ಲಿನವರ ಸಮಜಾಯಿಷಿ. ಈಗ ಆ ಪದ್ಧತಿ ಬಹಳ ಕಡಿಮೆಯಾಗಿದೆ.

ಚಳಿ, ಊಟ, ಭಾಷೆ ಎಲ್ಲಕ್ಕಿಂತ ನಿಧಾನವಾಗಿ ಒಲಿಯುವುದು ಗೆಳೆತನ. ಸಹಪಾಠಿಗಳು ಸೌಜನ್ಯದಿಂದ ಉತ್ತರಿಸುತ್ತಾರೆ, ತಾವಾಗಿ ಮಾತಿಗೆಳೆಯುವುದು ಅಪರೂಪ. ಬಸ್ಸಿನಲ್ಲಿ ಖಾಲಿ ಜೋಡಿ ಸೀಟು ಇರುವಾಗ ಯಾರೂ ಅಪರಿಚಿತರ ಪಕ್ಕ ಕೂರುವುದಿಲ್ಲ. ಇದನ್ನು ತಿರಸ್ಕಾರವೆಂದು ತಿಳಿದು ತಿಂಗಳುಗಟ್ಟಲೆ ಕೋಣೆ ಸೇರಿಕೊಳ್ಳುವ ವಿದ್ಯಾರ್ಥಿಗಳಿದ್ದಾರೆ. ಅಲ್ಲಿನ ಲೆಕ್ಕದಲ್ಲಿ ಅದು ಇನ್ನೊಬ್ಬರಿಗೆ ತೊಂದರೆ ಕೊಡದಿರುವ ಸಭ್ಯತೆ. ಶಾಲೆಗೆ ಸ್ವಂತ ತಂಡ, ಪಂದ್ಯ ಇರುವುದು ಕಡಿಮೆ. ಆಟ, ಹಾಡು, ಸ್ಕೌಟ್, ಕುದುರೆ ಸವಾರಿ ಎಲ್ಲವೂ ಸಂಜೆಯ ಹೊತ್ತು ಊರಿನ ಸಂಘಗಳಲ್ಲಿ ನಡೆಯುತ್ತವೆ. ಹೆಸರು ಬರೆಸಿ, ವಾರವಾರವೂ ತಪ್ಪದೆ ಹೋಗುವವರಿಗೆ ಇನ್ನೆಬಾಂಡಿ ಎಂಬ ಒಳಾಂಗಣ ಹಾಕಿ ತಂಡದಲ್ಲೋ ವೃಂದಗಾನದಲ್ಲೋ ಗೆಳೆಯರು ಸಿಗುತ್ತಾರೆ. ಆಮೇಲೆ ಕಾಫಿ, ದಾಲ್ಚಿನ್ನಿ ಬನ್ನಿನ ‘ಫಿಕಾ’ಗೆ ಕರೆ ಬರುತ್ತದೆ. ಕಾಯುತ್ತ ಕೂತವರಿಗೆ ಬರುವುದಿಲ್ಲ.

ಭಾಷೆಯ ಕಷ್ಟ ವಿಚಿತ್ರವಾದದ್ದು. ಅಲ್ಲಿ ಹದಿಹರೆಯದವರೆಲ್ಲ ಸರಾಗವಾಗಿ ಇಂಗ್ಲಿಷ್ ಆಡುವುದರಿಂದ, ಹೊಸಬರು ಸ್ವೀಡಿಷ್‌ನಲ್ಲಿ ತೊದಲಿದ ಕೂಡಲೇ ಅವರು ಇಂಗ್ಲಿಷಿಗೆ ಹೊರಳುತ್ತಾರೆ. ಸ್ವೀಡಿಷ್‌ನಲ್ಲೇ ಹೇಳಿ ಎಂದು ಹಟ ಹಿಡಿದವರು ಮಾತ್ರ ಕಲಿಯುತ್ತಾರೆ. ಉತ್ತರದ ಊರುಗಳಲ್ಲಿ ಹೌದು ಎನ್ನಲು ಸರ್ರನೆ ಉಸಿರು ಒಳಗೆಳೆಯುತ್ತಾರೆ. ಗೊತ್ತಿಲ್ಲದವರಿಗೆ ಎದುರಿನವರು ಬೆಚ್ಚಿಬಿದ್ದಂತೆ ಕಾಣುತ್ತದೆ.

ನವೆಂಬರ್ ಬಂದರೆ ಕತ್ತಲೆ. ಡಿಸೆಂಬರಿನಲ್ಲಿ ಸ್ಟಾಕ್‌ಹೋಮಿನಲ್ಲಿ ಹಗಲು ಸುಮಾರು ಆರು ಗಂಟೆ; ಮಧ್ಯಾಹ್ನ ಮೂರಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ದೂರ ಉತ್ತರದ ಕಿರುನಾದಲ್ಲಿ ಕೆಲವು ವಾರ ಹುಟ್ಟುವುದೇ ಇಲ್ಲ. ಮನೆಯ ನೆನಪು ಹೆಚ್ಚಾಗಿ ಕಾಡುವುದು ಈಗಲೇ. ಕಿಟಕಿಕಿಟಕಿಯಲ್ಲೂ ದೀಪದ ನಕ್ಷತ್ರ, ಡಿಸೆಂಬರ್ 13ರಂದು ಮೇಣದ ಬತ್ತಿಗಳ ಕಿರೀಟ ತೊಟ್ಟ ಹುಡುಗಿಯ ಹಿಂದೆ ಹಾಡುತ್ತ ಸಾಗುವ ಲೂಸಿಯಾ ಮೆರವಣಿಗೆ, ಇವುಗಳ ಬೆಲೆ ಈ ಕತ್ತಲೆಯಲ್ಲಿದ್ದು ನೋಡಿದವರಿಗೇ ತಿಳಿಯುತ್ತದೆ. ಫೆಬ್ರವರಿ, ಮಾರ್ಚ್ ಸುಮಾರಿಗೆ ಒಂದು ವಾರ ಕ್ರೀಡಾ ರಜೆ. ಸ್ಕೀಯಿಂಗಿಗೆ ಹೊರಡುವವರೇ ಹೆಚ್ಚು. ಯುದ್ಧಕಾಲದಲ್ಲಿ, 1940ರಲ್ಲಿ, ಶಾಲೆ ಬೆಚ್ಚಗಿಡುವ ಇಂಧನ ಉಳಿಸಲು ಕೊಟ್ಟ ರಜೆ ಅದು, ಯುದ್ಧ ಮುಗಿದರೂ ಉಳಿದುಕೊಂಡಿತು.

ಜೂನಿನಲ್ಲಿ ಕೊನೆಯ ವರ್ಷದವರು ಬಿಳಿ ಟೋಪಿ ಹಾಕಿ ಶಾಲೆಯಿಂದ ಓಡಿ ಬರುತ್ತಾರೆ. ಮನೆಯವರು ಅವರ ಎಳೆಗೂಸಿನ ದಿನಗಳ ಫೋಟೋವನ್ನು ದೊಡ್ಡದು ಮಾಡಿಸಿ, ಕೋಲಿಗೆ ಕಟ್ಟಿ ಹಿಡಿದು ನಿಂತಿರುತ್ತಾರೆ. ಆಮೇಲೆ ತೆರೆದ ಲಾರಿಗಳಲ್ಲಿ ಊರೆಲ್ಲ ಗದ್ದಲ. ವರ್ಷವಿಡೀ ಪಿಸುಮಾತಿನಲ್ಲಿದ್ದವರು ಇವರೇನಾ ಎನ್ನಿಸುವಂಥ ದಿನ. ವಿನಿಮಯ ವಿದ್ಯಾರ್ಥಿ ಹೊರಡುವುದೂ ಆ ಹೊತ್ತಿಗೇ. ಸ್ವೀಡನ್ನಿನ ಒಂದು ವರ್ಷ ಕರ್ನಾಟಕದ ಪಿಯುಸಿ ಪರೀಕ್ಷೆಗೆ ಬದಲಿಯಾಗುವುದಿಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಹೋದವರು ಮರಳಿ ಬಂದು, ತಮಗಿಂತ ಒಂದು ವರ್ಷ ಕಿರಿಯರ ಜೊತೆ ಮೊದಲ ಪಿಯುಸಿಗೆ ಸೇರಬೇಕಾಗುತ್ತದೆ.