ಉಕ್ಕಿನ ಟಗರು ಉರುಳಬೇಕು

ಲಗೋರಿಯಾಟವನ್ನು ಆಡದ ವಾಚಕರು ವಿರಳ. ಒಂದರ ಮೇಲೊಂದು ಪೇರಿಸಿದ ಬಿಲ್ಲೆಗಳಿಗೆ ಚೆಂಡು ತಗುಲಿದರೆ ಸಾಲದು; ಬಿಲ್ಲೆಗಳು ಬೀಳಬೇಕು. ಜಾತ್ರೆಯ ಬಲೂನಿನ ಅಂಗಡಿಯಲ್ಲಿ ನಿಯಮ ಬೇರೆ. ಅಲ್ಲಿ ಗುಂಡು ಸೋಕಿದೊಡನೆ ಬಲೂನು ಒಡೆಯುತ್ತದೆ, ಆಟ ಮುಗಿಯುತ್ತದೆ. ಒಲಿಂಪಿಕ್ ಪಂದ್ಯಗಳಲ್ಲಿನ ಪಿಸ್ತೂಲು ಸ್ಪರ್ಧೆಗಳೂ ಬಹುಮಟ್ಟಿಗೆ ಈ ಎರಡನೆಯ ಜಾತಿಯವು: ಗುಂಡು ಎಲ್ಲಿ ತಗುಲಿತೆಂಬುದೊಂದೇ ಅಲ್ಲಿನ ಪ್ರಶ್ನೆ. ಲಗೋರಿಯ ನಿಯಮವನ್ನೇ ಪಿಸ್ತೂಲಿಗೆ ಅನ್ವಯಿಸಿದರೆ ಏನಾದೀತು? ಅಂಥ ಸ್ಪರ್ಧೆಯೊಂದು ಅಮೆರಿಕದಲ್ಲಿ ಬೆಳೆದಿದೆ. ಅದನ್ನು ‘ಲೋಹದ ಛಾಯಾಕೃತಿ’ ಸ್ಪರ್ಧೆಯೆನ್ನುತ್ತಾರೆ. ಭೌತಶಾಸ್ತ್ರದ ವಿದ್ಯಾರ್ಥಿಗೆ ಇದಕ್ಕಿಂತ ಸೊಗಸಾದ ಪ್ರಯೋಗಶಾಲೆ ಬಯಲಿನಲ್ಲಿ ಸಿಕ್ಕುವುದು ಕಷ್ಟವೆಂದು ನಮಗೆ ತೋರುತ್ತದೆ.

ಇದರ ತವರು ಮೆಕ್ಸಿಕೋ. ಹಿಂದೆ ಅಲ್ಲಿನ ಹಬ್ಬಗಳಲ್ಲಿ ಜೀವಂತ ಪ್ರಾಣಿಗಳನ್ನೇ ದೂರದಲ್ಲಿ ಕಟ್ಟಿ, ಗುಂಡು ಹಾರಿಸಿ, ಹೊಡೆದವನಿಗೆ ಆ ಪ್ರಾಣಿಯನ್ನು ಕೊಡುವ ವಾಡಿಕೆಯಿತ್ತು. ಈ ಕ್ರೂರ ಪದ್ಧತಿಯ ಬದಲಿಗೆ 1948ರ ಸುಮಾರಿನಲ್ಲಿ ಪ್ರಾಣಿಗಳ ಆಕಾರದಲ್ಲಿ ಕತ್ತರಿಸಿದ ಉಕ್ಕಿನ ತಗಡುಗಳು ಬಂದವು. ಮೆಕ್ಸಿಕೋದವರು ಇವನ್ನು ‘ಸಿಲುಯೇತಾಸ್ ಮೆಟಾಲಿಕಾಸ್’ ಎಂದು ಕರೆದರು. ಆಟವು ಮೊದಲು ಉದ್ದ ಬಂದೂಕಿನದಾಗಿತ್ತು: ಕೋಳಿ 200 ಮೀಟರ್, ಹಂದಿ 300, ಟರ್ಕಿ ಕೋಳಿ 385, ಟಗರು 500 ಮೀಟರ್ ದೂರದಲ್ಲಿ. 1960ರ ದಶಕದ ಕೊನೆಯಲ್ಲಿ ಗಡಿ ದಾಟಿ ಅರಿಜೋನಾ ಪ್ರಾಂತಕ್ಕೆ ಬಂದ ಈ ಆಟವನ್ನು ಕೈಬಂದೂಕಿನವರು ತಮ್ಮದಾಗಿಸಿಕೊಂಡರು. 1976ರಲ್ಲಿ ಅವರದೇ ಆದ ಅಂತರರಾಷ್ಟ್ರೀಯ ಸಂಘವೊಂದು ಸ್ಥಾಪಿತವಾಯಿತು. ದೊಡ್ಡ ಪಿಸ್ತೂಲಿನ ಸ್ಪರ್ಧೆಯಲ್ಲಿ ಅವೇ ನಾಲ್ಕು ಪ್ರಾಣಿಗಳು 50, 100, 150 ಮತ್ತು 200 ಮೀಟರ್ ದೂರಗಳಲ್ಲಿ ನಿಲ್ಲುತ್ತವೆ. ಐದೈದು ಆಕೃತಿಗಳ ಒಂದು ಸಾಲು. ಎಡದಿಂದ ಬಲಕ್ಕೆ ಒಂದೊಂದಕ್ಕೆ ಒಂದೊಂದೇ ಗುಂಡು. ಐದು ಗುಂಡುಗಳಿಗೆ ಎರಡು ನಿಮಿಷ. ಬಿದ್ದರೆ ಒಂದು ಅಂಕ, ಬೀಳದಿದ್ದರೆ ಸೊನ್ನೆ. ಗುಂಡು ತಗುಲಿ ‘ಠಣ್’ ಎಂದು ಮೊಳಗಿ, ಓಲಾಡಿ, ಮತ್ತೆ ನೆಟ್ಟಗೆ ನಿಂತ ಟಗರಿಗೂ ಸೊನ್ನೆಯೇ.

ಆರಂಭಿಕರಿಗೆ ಅತ್ಯಂತ ಅನ್ಯಾಯವಾಗಿ ಕಾಣುವುದು ಈ ಕೊನೆಯ ನಿಯಮವೇ. ಆಟದ ಸಾರವೆಲ್ಲ ಅಡಗಿರುವುದೂ ಅದರಲ್ಲಿಯೇ. ಆದಕಾರಣ ಅದನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ.

ಟಗರಿನ ದ್ರವ್ಯರಾಶಿ 25 ಕಿಲೋಗ್ರಾಂ, ಎತ್ತರ 70 ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. ಅದರ ಪಾದವು ತಗಡಿನ ಹಿಂದಕ್ಕೂ ಮುಂದಕ್ಕೂ 3 ಸೆಂಟಿಮೀಟರ್ ಚಾಚಿರಲಿ. ಗುರುತ್ವಕೇಂದ್ರವು ಪೀಠದಿಂದ 35 ಸೆಂಟಿಮೀಟರ್ ಮೇಲಿರಲಿ. ಟಗರು ಹಿಂದಕ್ಕೆ ಉರುಳಬೇಕಾದರೆ ಗುರುತ್ವಕೇಂದ್ರವು ಪಾದದ ಹಿಂಬದಿಯ ಅಂಚನ್ನು ದಾಟಬೇಕು. ಅದಕ್ಕಾಗಿ ಆ ಕೇಂದ್ರವನ್ನು ಎಷ್ಟು ಮೇಲಕ್ಕೆತ್ತಬೇಕು? ಪೈಥಾಗೊರಸನ ಪ್ರಮೇಯವನ್ನು ಬಲ್ಲ ಪ್ರೌಢಶಾಲೆಯ ವಿದ್ಯಾರ್ಥಿಯೂ ಉತ್ತರ ಕೊಡಬಲ್ಲನು: ಸುಮಾರು 1.3 ಮಿಲಿಮೀಟರ್ ಮಾತ್ರ! ಇದಕ್ಕೆ ಬೇಕಾದ ಶಕ್ತಿ ಒಂದು ಜೌಲಿನ ಮೂರನೆಯ ಒಂದು ಭಾಗಕ್ಕಿಂತಲೂ ತುಸು ಕಡಿಮೆ. ನೂರು ಗ್ರಾಂ ತೂಕದ ಸೀಬೆಹಣ್ಣನ್ನು ಒಂದಡಿ ಮೇಲೆತ್ತುವಷ್ಟು ಶ್ರಮ.

ಇನ್ನು ಗುಂಡಿನ ಕಡೆ ನೋಡೋಣ. ‘.44 ಮ್ಯಾಗ್ನಮ್’ ಎಂಬ ರಿವಾಲ್ವರಿನ ಗುಂಡೊಂದು 15.6 ಗ್ರಾಂ ತೂಗುತ್ತದೆ; 200 ಮೀಟರ್ ಸಾಗಿ ಬರುವ ವೇಳೆಗೆ ಸೆಕೆಂಡಿಗೆ ಸುಮಾರು 300 ಮೀಟರ್ ವೇಗವನ್ನು ಉಳಿಸಿಕೊಂಡಿರುತ್ತದೆ. ಅದರ ಚಲನಶಕ್ತಿ 700 ಜೌಲ್. ಬೇಕಾದುದು 0.31 ಜೌಲ್, ಬಂದುದು 700 ಜೌಲ್. ಎರಡು ಸಾವಿರ ಪಾಲಿಗೂ ಮೀರಿ ಹೆಚ್ಚು. ಹಾಗಿದ್ದೂ ಟಗರು ಕೆಲವೊಮ್ಮೆ ಬೀಳದಿರುವುದೇಕೆ?

ಕಾರಣವು ಸಂವೇಗದಲ್ಲಿದೆ. ಗುಂಡು ಉಕ್ಕಿಗೆ ಬಡಿದು ಅಪ್ಪಳಿಸಿ ಚೂರಾಗುವಾಗ ಅದರ ಶಕ್ತಿಯ ಬಹುಪಾಲು ಶಾಖವಾಗಿ, ಸೀಸವನ್ನು ಹರಿದು ಚೆಲ್ಲುವ ಕೆಲಸವಾಗಿ ವ್ಯಯವಾಗುತ್ತದೆ. ಸಂವೇಗವಾದರೋ ಹಾಗೆ ಕಳೆದುಹೋಗುವಂತಿಲ್ಲ. ದ್ರವ್ಯರಾಶಿಯನ್ನು ವೇಗದಿಂದ ಗುಣಿಸಿದಾಗ ದೊರೆಯುವ ಆ ಪರಿಮಾಣವು ಟಗರಿಗೆ ಸಲ್ಲಲೇಬೇಕು. ನಮ್ಮ ಗುಂಡಿನ ಸಂವೇಗ 4.7 ಮಾನ. ಇಷ್ಟನ್ನು ಪಡೆದ ಭಾರವಾದ ಟಗರು ಅತಿ ಮೆಲ್ಲನೆ ಹಿಂದಕ್ಕೆ ವಾಲತೊಡಗುತ್ತದೆ. ಗುಂಡು ತಗಡಿನ ನಟ್ಟನಡುವೆ ತಗುಲಿದ್ದರೆ ಆ ವಾಲುವಿಕೆಯ ಶಕ್ತಿ ಲೆಕ್ಕದಲ್ಲಿ 0.33 ಜೌಲ್ ಆಗುತ್ತದೆ. ಬೇಕಾದುದು 0.31. ಟಗರು ಕೂದಲೆಳೆಯಷ್ಟು ಅಂತರದಲ್ಲಿ ಉರುಳಿತೆನ್ನಬೇಕು! ಹೊಡೆತ ಹೊಟ್ಟೆಯ ಕೆಳಕ್ಕೆ ಬಿದ್ದಿದ್ದರೆ ಅದು ನಿಂತೇ ಇರುತ್ತಿತ್ತು.

‘.357 ಮ್ಯಾಗ್ನಮ್’ ಎಂಬ ಹಗುರ ಜಾತಿಯ ಗುಂಡನ್ನು ತೆಗೆದುಕೊಂಡರೆ 10 ಗ್ರಾಂ, ಸೆಕೆಂಡಿಗೆ 280 ಮೀಟರ್, ಸಂವೇಗ 2.8. ನಡುವಿಗೆ ತಗುಲಿದರೆ 0.12 ಜೌಲ್ ಮಾತ್ರ ದೊರೆಯುತ್ತದೆ. ಟಗರು ತಲೆದೂಗಿ ಸುಮ್ಮನಾಗುತ್ತದೆ. ಅದೇ ಗುಂಡು 60 ಸೆಂಟಿಮೀಟರ್ ಎತ್ತರದಲ್ಲಿ, ಬೆನ್ನಿನ ಅಂಚಿನ ಬಳಿ ತಗುಲಿದರೆ ಸನ್ನೆಯ ತೋಳು ಉದ್ದವಾಗಿ 0.35 ಜೌಲ್ ದೊರೆತು ಟಗರು ಉರುಳುತ್ತದೆ. ಬಾಗಿಲನ್ನು ತಿರುಗಣೆಯ ಬಳಿ ನೂಕುವುದಕ್ಕೂ ಅಂಚಿನಲ್ಲಿ ನೂಕುವುದಕ್ಕೂ ಇರುವ ಭೇದವೇ ಇದು. ಇನ್ನೊಂದು ಗುಂಡನ್ನು ಊಹಿಸೋಣ: ತೂಕ 3.2 ಗ್ರಾಂ, ವೇಗ ಸೆಕೆಂಡಿಗೆ 800 ಮೀಟರ್. ಇದರ ಚಲನಶಕ್ತಿ ಸಾವಿರ ಜೌಲಿಗೂ ಮೇಲು. ಸಂವೇಗ ಮಾತ್ರ 2.6. ಬೆನ್ನಿನ ಅಂಚಿಗೆ ತಗುಲಿಯೂ ಇದು ಟಗರನ್ನು ಕೆಡವಲಾರದು, ಉಕ್ಕಿನಲ್ಲಿ ಗುಳಿ ಬೀಳಿಸುವುದಷ್ಟೇ. ಚಲನಶಕ್ತಿಗೂ ಸಂವೇಗಕ್ಕೂ ಏನು ವ್ಯತ್ಯಾಸವೆಂದು ತರಗತಿಯಲ್ಲಿ ಪ್ರತಿವರ್ಷವೂ ನಮ್ಮನ್ನು ಕೇಳುವವರುಂಟು. ಈ ಉಕ್ಕಿನ ಟಗರಿನಷ್ಟು ನೇರವಾಗಿ ಉತ್ತರ ಹೇಳುವ ಉಪಕರಣ ನಮ್ಮ ಪ್ರಯೋಗಶಾಲೆಯಲ್ಲಿಲ್ಲ.

ಇಷ್ಟನ್ನು ಓದಿದವನು, ಹಾಗಾದರೆ ಮೊದಲಿನಿಂದಲೇ ದೊಡ್ಡ ರಿವಾಲ್ವರನ್ನು ಹಿಡಿಯುವುದು ಲೇಸೆಂದು ತೀರ್ಮಾನಿಸಬಹುದು. ಹೊಸಬರಲ್ಲಿ ಅನೇಕರು ಹೀಗೆಯೇ ತೀರ್ಮಾನಿಸಿ ಕೆಡುತ್ತಾರೆ. ಗುಂಡಿಗೆ ದೊರೆತಷ್ಟೇ ಸಂವೇಗ ಕೈಗೂ ಮರಳುತ್ತದೆಯಷ್ಟೆ. 1.3 ಕಿಲೋಗ್ರಾಂ ತೂಕದ ರಿವಾಲ್ವರು .44 ಗುಂಡನ್ನು ಹಾರಿಸಿದಾಗ ಸೆಕೆಂಡಿಗೆ ಸುಮಾರು 5 ಮೀಟರ್ ವೇಗದಿಂದ ಹಿಂದಕ್ಕೆ ಒದೆಯುತ್ತದೆ. ಸಿಡಿಮದ್ದಿನ ಅನಿಲದ ಪಾಲನ್ನು ಸೇರಿಸಿದರೆ ಇನ್ನೂ ಹೆಚ್ಚು. ‘.22’ ಎಂಬ ಸಣ್ಣ ಗುಂಡಿನ ಪಿಸ್ತೂಲಿನ ಒದೆತ ಸೆಕೆಂಡಿಗೆ ಒಂದು ಮೀಟರನ್ನೂ ಮುಟ್ಟುವುದಿಲ್ಲ. ಸ್ವಾರಸ್ಯವೇನೆಂದರೆ, ಗುಂಡು ನಳಿಗೆಯಲ್ಲಿರುವುದು ಸೆಕೆಂಡಿನ ಸಾವಿರದ ಒಂದು ಭಾಗದ ಆಸುಪಾಸು. ಅಷ್ಟರಲ್ಲಿ ರಿವಾಲ್ವರು ಹಿಂದೆ ಸರಿಯುವುದು 3 ಮಿಲಿಮೀಟರಿನಷ್ಟೇ. ಮನುಷ್ಯನ ನರಗಳು ಎಚ್ಚೆತ್ತು ಉತ್ತರ ಕೊಡಲು ಸೆಕೆಂಡಿನ ಐದನೆಯ ಒಂದು ಭಾಗ ಬೇಕು. ಎಂದಮೇಲೆ ಒದೆತಕ್ಕೆ ಬೆಚ್ಚಿ ಕೈ ಅಲುಗುವ ಹೊತ್ತಿಗೆ ಗುಂಡು ಎಂದೋ ಹೊರಟುಹೋಗಿರುತ್ತದೆ. ಗುರಿ ತಪ್ಪಿಸುವುದು ಒದೆತ ಬರುವುದಕ್ಕೆ ಮುಂಚೆಯೇ ಬೆಚ್ಚುವ ಅಭ್ಯಾಸ. ದೊಡ್ಡ ರಿವಾಲ್ವರು ಈ ಅಭ್ಯಾಸವನ್ನು ಒಂದೇ ದಿನದಲ್ಲಿ ಕಲಿಸುತ್ತದೆ. ಬಿಡಿಸಲು ವರ್ಷಗಳು ಹಿಡಿಯಬಹುದು.

ಆದ್ದರಿಂದ ತೊಡಗುವವರಿಗೆ ತಕ್ಕದ್ದು .22 ಪಿಸ್ತೂಲೇ. ಇದಕ್ಕೆಂದೇ ಚಿಕ್ಕ ಅಳತೆಯ ಆಕೃತಿಗಳಿವೆ. ದೂರಗಳೂ 25, 50, 75, 100 ಎಂದು ಅರ್ಧಕ್ಕಿಳಿಯುತ್ತವೆ. ತೋಟಾ ಅಗ್ಗ, ಸದ್ದು ಕಡಿಮೆ, ಕಲಿಯುವ ಪಾಠ ಮಾತ್ರ ಅದೇ. ಮೊದಲ ಪಾಠ ಗುರುತ್ವಾಕರ್ಷಣದ್ದು. ಸೆಕೆಂಡಿಗೆ 330 ಮೀಟರ್ ವೇಗದ ಗುಂಡು 25 ಮೀಟರ್ ಸಾಗುವಷ್ಟರಲ್ಲಿ 3 ಸೆಂಟಿಮೀಟರಿನಷ್ಟು ಕೆಳಗಿಳಿಯುತ್ತದೆ, 100 ಮೀಟರ್ ಸಾಗುವಷ್ಟರಲ್ಲಿ ಅರ್ಧ ಮೀಟರನ್ನೂ ಮೀರಿ ಇಳಿಯುತ್ತದೆ. ಕೋಳಿಗೆ ಹೊಂದಿಸಿದ ಗುರಿಯಿಂದ ಟಗರಿಗೆ ಹೊಡೆದರೆ ನೆಲದ ಮಣ್ಣು ಹಾರೀತು. ಪ್ರತಿ ದೂರಕ್ಕೂ ಹಿಂದಿನ ಕಚ್ಚಿನ ತಿರುಪನ್ನು ಎಷ್ಟು ಗಂಟು ತಿರುಗಿಸಬೇಕೆಂದು ಅಭ್ಯಾಸದಲ್ಲಿ ಕಂಡುಕೊಂಡು ಬರೆದಿಡಬೇಕು. ಪಿಸ್ತೂಲಿಗಿಂತ ಮೊದಲು ಒಂದು ಟಿಪ್ಪಣಿ ಪುಸ್ತಕವನ್ನು ಕೊಳ್ಳಿರೆಂದು ಹೇಳಲು ನಮಗೆ ಸಂಕೋಚವಿಲ್ಲ.

ಎರಡನೆಯ ಪಾಠ ಸಮರೂಪ ತ್ರಿಕೋಣಗಳದು. ಪಿಸ್ತೂಲಿನ ಮುಂದಿನ ಕಡ್ಡಿಗೂ ಹಿಂದಿನ ಕಚ್ಚಿಗೂ ನಡುವೆ 25 ಸೆಂಟಿಮೀಟರ್ ಇದ್ದರೆ, ಅವುಗಳ ಹೊಂದಿಕೆಯಲ್ಲಿ ಒಂದು ಮಿಲಿಮೀಟರ್ ತಪ್ಪಿದಾಗ 200 ಮೀಟರ್ ದೂರದಲ್ಲಿ ಗುಂಡು 80 ಸೆಂಟಿಮೀಟರ್ ಪಕ್ಕಕ್ಕೆ ಹೋಗುತ್ತದೆ. ಕಣ್ಣು ದೂರದ ಟಗರನ್ನೇ ನೋಡಬಯಸುತ್ತದೆ. ನೋಡಬೇಕಾದುದು ಕೈಯಳತೆಯ ಆ ಕಡ್ಡಿಯನ್ನು. ಟಗರು ಮಸುಕಾಗಿ ಕಂಡರೂ ಚಿಂತೆಯಿಲ್ಲ.

ನಿಂತು ಹೊಡೆಯುವ ವಿಭಾಗವೊಂದುಂಟು. ಇತರ ವಿಭಾಗಗಳಲ್ಲಿ ಶರೀರವನ್ನು ಹೇಗೆ ಬೇಕಾದರೂ ಇರಿಸಬಹುದು, ಹೊರಗಿನ ಆಸರೆ ಮಾತ್ರ ಕೂಡದು. ಅನೇಕರು ಅಂಗಾತ ಮಲಗಿ, ಕಾಲುಗಳನ್ನು ಗುರಿಯ ಕಡೆ ಚಾಚಿ, ಮಡಿಸಿದ ಕಾಲಿಗೆ ಪಿಸ್ತೂಲನ್ನು ಆನಿಸಿ ಹೊಡೆಯುತ್ತಾರೆ. ನೋಡಲು ನಗೆ ಬರಿಸುವ ಈ ಭಂಗಿಗೆ ನ್ಯೂಯಾರ್ಕ್ ಪ್ರಾಂತದಲ್ಲಿ 1873ರಲ್ಲಿ ತೆರೆದ ಕ್ರೀಡ್‌ಮೋರ್ ಮೈದಾನದ ಹೆಸರಿದೆ. ರಿವಾಲ್ವರಿನ ಉರುಳೆಗೂ ನಳಿಗೆಗೂ ನಡುವಣ ಸಂದಿಯಿಂದ ಬಿಸಿ ಅನಿಲವೂ ಸೀಸದ ಕಿರುಚೂರುಗಳೂ ಪಕ್ಕಕ್ಕೆ ಚಿಮ್ಮುವುದರಿಂದ ಕಾಲಿಗೆ ದಪ್ಪ ತೊಗಲಿನ ಕಾಪು ಕಟ್ಟಿಕೊಳ್ಳಬೇಕು. ಕಣ್ಣಿಗೆ ಗಟ್ಟಿ ಕನ್ನಡಕ, ಕಿವಿಗೆ ಮುಚ್ಚಳ ಎಲ್ಲರಿಗೂ, ಪ್ರೇಕ್ಷಕರಿಗೂ ಕಡ್ಡಾಯ. ಉಕ್ಕಿಗೆ ಬಡಿದ ಸೀಸ ಎತ್ತ ಹಾರೀತೆಂದು ಮುಂಗಡವಾಗಿ ಹೇಳಬಲ್ಲ ಸೂತ್ರವಿಲ್ಲ. ನಳಿಗೆ ಸದಾ ಗುರಿಯ ದಿಕ್ಕಿಗಿರಬೇಕು. ಹೊಡೆಯುವ ನಿರ್ಧಾರವಾಗುವ ತನಕ ಬೆರಳು ಕುದುರೆಯ ಮೇಲಿರಕೂಡದು. ಈ ಎರಡನ್ನು ಮರೆತವನನ್ನು ಮೈದಾನದಿಂದ ಹೊರಕ್ಕೆ ಕಳಿಸುತ್ತಾರೆ, ಅವನು ಎಷ್ಟೇ ನಿಪುಣನಾಗಿರಲಿ.

ನಮ್ಮ ದೇಶದಲ್ಲಿ 1959ರ ಶಸ್ತ್ರಾಸ್ತ್ರ ಕಾಯಿದೆಯ ಮೇರೆಗೆ ಪರವಾನಗಿಯಿಲ್ಲದೆ ಪಿಸ್ತೂಲನ್ನು ಇಟ್ಟುಕೊಳ್ಳುವುದು ಅಪರಾಧ. ಇಲ್ಲಿನ ವಿದ್ಯಾರ್ಥಿಗೆ ಸಹಜವಾದ ದಾರಿಯೆಂದರೆ ರೈಫಲ್ ಸಂಘವೊಂದರಲ್ಲಿ ಶಿಕ್ಷಕರ ಕಣ್ಣೆದುರಿಗೆ 10 ಮೀಟರ್ ದೂರದ ಗಾಳಿಪಿಸ್ತೂಲಿನ ಅಭ್ಯಾಸ. ಅಲ್ಲಿ ಬೀಳುವ ಟಗರಿಲ್ಲ, ಕಾಗದದ ಗುರಿಯಷ್ಟೇ. ಕಡ್ಡಿ, ಕಚ್ಚು, ಕುದುರೆಯನ್ನು ಮೆಲ್ಲನೆ ಒತ್ತುವ ಕಲೆ ಇವೆಲ್ಲ ಅವೇ.

ಅಮೆರಿಕದಲ್ಲಿ ಓದುತ್ತಿರುವ ನಮ್ಮವರು ಇಂಥ ಪಂದ್ಯವೊಂದನ್ನು ಪ್ರೇಕ್ಷಕರಾಗಿ ಕಾಣುವ ಸಂದರ್ಭ ಬಂದರೆ ಸೆಕೆಂಡಿನ ಮುಳ್ಳಿರುವ ಗಡಿಯಾರವನ್ನು ಜೊತೆಗೊಯ್ಯಲಿ. 200 ಮೀಟರ್ ದೂರದ ಟಗರನ್ನು .44 ಗುಂಡು ಮುಟ್ಟಲು ಸೆಕೆಂಡಿನ ಅರ್ಧಕ್ಕಿಂತ ತುಸು ಹೆಚ್ಚು ಬೇಕು. ಉಕ್ಕಿನ ನಾದ ಹಿಂದಿರುಗಿ ಬರಲು ಹೆಚ್ಚುಕಡಿಮೆ ಅಷ್ಟೇ ಕಾಲ. ಹೊಡೆದವನ ಪಕ್ಕದಲ್ಲಿ ದೂರದರ್ಶಕ ಹಿಡಿದು ಕುಳಿತ ಸಂಗಡಿಗನಿಗೆ ಗುಂಡು ಬಡಿದ ಗುರುತು ಮೊದಲು ಕಾಣುತ್ತದೆ, ನಾದ ಆಮೇಲೆ ಕೇಳುತ್ತದೆ. ಆ ಹೊತ್ತಿಗೆ ಟಗರು ಇನ್ನೂ ವಾಲುತ್ತಲೇ ಇರುತ್ತದೆ, ಬೀಳುವುದೋ ನಿಲ್ಲುವುದೋ ಅವನಿಗೂ ತಿಳಿದಿರುವುದಿಲ್ಲ.