ಕಲ್ಪನೆಗೂ ಲೆಕ್ಕವುಂಟು

ವೈಜ್ಞಾನಿಕ ಕಾದಂಬರಿಯನ್ನು ಬರೆಯುವುದು ಸುಲಭವೆಂದು ಅನೇಕರ ಭಾವನೆ. ಚಾರಿತ್ರಿಕ ಕಾದಂಬರಿಕಾರನು ಶಾಸನಗಳನ್ನು ಮೀರುವಂತಿಲ್ಲ. ಸಾಮಾಜಿಕ ಕಾದಂಬರಿಕಾರನು ಕಂಡ ಜನಜೀವನವನ್ನು ಮೀರುವಂತಿಲ್ಲ. ಯಾರೂ ಕಾಣದ ಲೋಕವನ್ನು ವರ್ಣಿಸುವವನನ್ನು ಮಾತ್ರ ಕೇಳುವವರಿಲ್ಲವೆಂದು ಅವರು ವಾದಿಸುತ್ತಾರೆ. ಕೇಳುವವರು ಇದ್ದಾರೆ. ಇಂತಹ ಲೇಖಕನಿಗೆ ಒಂದು ಊಹೆಯನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವುಂಟು. ಆರಿಸಿಕೊಂಡ ಬಳಿಕ ಅದರ ಪರಿಣಾಮಗಳಿಂದ ತಪ್ಪಿಸಿಕೊಳ್ಳುವ ಸ್ವಾತಂತ್ರ್ಯವಿಲ್ಲ. ಎರಡು ಪ್ರಸಿದ್ಧ ಕೃತಿಗಳ ಚರಿತ್ರೆಯಿಂದ ಇದು ಸ್ಪಷ್ಟವಾಗುವುದು.

ಗ್ರಹ ಮೊದಲು, ಕಥೆ ಆಮೇಲೆ

ಹ್ಯಾಲ್ ಕ್ಲೆಮೆಂಟ್ ಎಂಬುದು ಅಮೆರಿಕದ ಹ್ಯಾರಿ ಕ್ಲೆಮೆಂಟ್ ಸ್ಟಬ್ಸ್ (1922–2003) ಅವರ ಲೇಖನನಾಮ. ಖಗೋಳ ವಿಜ್ಞಾನದಲ್ಲಿ ಪದವಿ ಪಡೆದ ಇವರು ಮಸಾಚುಸೆಟ್ಸ್ ಪ್ರಾಂತದ ಶಾಲೆಯೊಂದರಲ್ಲಿ ಬಹುಕಾಲ ವಿಜ್ಞಾನದ ಉಪಾಧ್ಯಾಯರಾಗಿದ್ದರು. ಜೀವನೋಪಾಯಕ್ಕೆ ಪಾಠ, ಬಿಡುವಿನ ವೇಳೆಗೆ ಬರವಣಿಗೆ. ಅವರ 'ಮಿಷನ್ ಆಫ್ ಗ್ರ್ಯಾವಿಟಿ' ಎಂಬ ಕಾದಂಬರಿಯು 1953ರಲ್ಲಿ ಮಾಸಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಪ್ರಕಟವಾಯಿತು. ಅದರ ಗ್ರಹವನ್ನು ರೂಪಿಸಿದ ಬಗೆಯನ್ನು ಅದೇ ವರ್ಷ ಅದೇ ಪತ್ರಿಕೆಯ ಲೇಖನವೊಂದರಲ್ಲಿ ಅವರು ವಿವರಿಸಿದರು.

ರಾಜಹಂಸ ಮಂಡಲದಲ್ಲಿ 61 ಸಿಗ್ನಿ ಎಂಬ ಜೋಡಿ ನಕ್ಷತ್ರವಿದೆ. ದೂರ ಸುಮಾರು 11 ಜ್ಯೋತಿರ್ವರ್ಷ. ಅಲ್ಲಿ ಗುರುಗ್ರಹದ ಹದಿನಾರರಷ್ಟು ದ್ರವ್ಯರಾಶಿಯುಳ್ಳ ಅಗೋಚರ ಕಾಯವೊಂದು ಇರಬೇಕೆಂದು 1943ರಲ್ಲಿ ಸ್ಟ್ರಾಂಡ್ ಎಂಬ ಖಗೋಳಜ್ಞರು ಸಾರಿದ್ದರು. ಕ್ಲೆಮೆಂಟರು ಅದನ್ನೇ ತಮ್ಮ ಗ್ರಹವನ್ನಾಗಿ ಆರಿಸಿ ಮೆಸ್ಕ್ಲಿನ್ ಎಂದು ಹೆಸರಿಟ್ಟರು. ಆದರೆ ಅಷ್ಟು ಭಾರಿಯಾದ ಗ್ರಹದ ಮೇಲೆ ಕಾಲಿಟ್ಟ ಮನುಷ್ಯನು ಬದುಕಲಾರನು. ಮನುಷ್ಯನಿಲ್ಲದೆ ಕಥೆ ನಡೆಯುವುದು ಹೇಗೆ? ಇದಕ್ಕೆ ಅವರು ಕಂಡುಕೊಂಡ ಉಪಾಯ ಪರಿಭ್ರಮಣ. ಗ್ರಹವು ಸುಮಾರು 18 ನಿಮಿಷಗಳಿಗೊಮ್ಮೆ ತನ್ನ ಸುತ್ತ ತಿರುಗುವುದೆಂದು ಭಾವಿಸಿದರೆ, ಸಮಭಾಜಕ ವೃತ್ತದ ಬಳಿ ಕೇಂದ್ರಾಪಗಾಮಿ ಬಲವು ಗುರುತ್ವದ ಬಹುಪಾಲನ್ನು ಕಳೆಯುತ್ತದೆ. ಗ್ರಹವು ಅದುಮಿದ ಉಂಡೆಯಂತೆ ಚಪ್ಪಟೆಯಾಗುತ್ತದೆ. ಸಮಭಾಜಕದಲ್ಲಿ ಗುರುತ್ವವು ಭೂಮಿಯ ಮೂರರಷ್ಟು. ಧ್ರುವದಲ್ಲಿ ಸುಮಾರು 700ರಷ್ಟು.

ಇನ್ನು ಕಥೆ ತಾನಾಗಿಯೇ ಹುಟ್ಟುತ್ತದೆ. ಮಾನವರ ಸಂಶೋಧನಾ ರಾಕೆಟ್ಟೊಂದು ಧ್ರುವದಲ್ಲಿ ಇಳಿದು ಮೇಲೇಳಲಾರದೆ ಉಳಿದಿದೆ. ಅಲ್ಲಿ ನಮ್ಮ 60 ಕಿಲೋಗ್ರಾಂ ಮನುಷ್ಯನ ತೂಕ 42 ಟನ್ನು! ಆದುದರಿಂದ ಮಾನವರು ಅಲ್ಲಿಯ ನಿವಾಸಿಯಾದ ಬಾರ್ಲೆನನ್ ಎಂಬ ಹಡಗಿನ ನಾಯಕನ ನೆರವನ್ನು ಬೇಡಬೇಕಾಗುತ್ತದೆ.

ಈ ನಿವಾಸಿಗಳು ಎಂತಹವರು? ಎತ್ತರವಾಗಿ ನಿಂತ ದೇಹ ಅಲ್ಲಿ ಸಲ್ಲದು. ಅವರು ಜರಿಹುಳುವನ್ನು ಹೋಲುವ, ಸುಮಾರು 38 ಸೆಂಟಿಮೀಟರ್ ಉದ್ದದ ಜೀವಿಗಳು. ದೇಹದಂತೆಯೇ ಮನಸ್ಸೂ ಗುರುತ್ವಕ್ಕೆ ಅಧೀನ. ಬೀಳುವ ವಸ್ತುವಿನ ಅಂತಿಮ ವೇಗವು ಎತ್ತರ ಮತ್ತು ಗುರುತ್ವ ಇವುಗಳ ಗುಣಲಬ್ಧವನ್ನು ಅವಲಂಬಿಸಿದೆಯೆಂದು ವಿದ್ಯಾರ್ಥಿಗಳು ಬಲ್ಲರು. ವಾಯುವಿನ ಅಡ್ಡಿಯನ್ನು ಬಿಟ್ಟು ಲೆಕ್ಕ ಹಾಕಿದರೆ, 700ರಷ್ಟು ಗುರುತ್ವದಲ್ಲಿ 36 ಸೆಂಟಿಮೀಟರ್ ಬಿದ್ದರೆ ನಮ್ಮ ಜೋಗದ 253 ಮೀಟರ್ ಎತ್ತರದಿಂದ ಬಿದ್ದಂತೆ. ತನ್ನ ಮೈಯುದ್ದದಷ್ಟು ಎತ್ತರವೇ ಆ ಜೀವಿಗೆ ಜೋಗದ ಪ್ರಪಾತ! ಧ್ರುವದ ಬಳಿ ಬೆಳೆದವರು ಎತ್ತರಕ್ಕೆ ನಡುಗುತ್ತಾರೆ; ತಲೆಯ ಮೇಲೆ ಯಾವುದೇ ವಸ್ತುವಿರುವುದನ್ನು ಸಹಿಸಲಾರರು. ಹಗುರ ಪ್ರದೇಶಕ್ಕೆ ಬಂದ ನಾವಿಕರು ಈ ಭಯವನ್ನು ಮೆಲ್ಲಮೆಲ್ಲನೆ ಗೆಲ್ಲುವುದೇ ಕಥೆಯ ಒಂದು ಮುಖ್ಯ ಎಳೆ. ಪಾತ್ರದ ಮನೋವಿಕಾಸವೂ ಸೂತ್ರವೊಂದರಿಂದ ಹೊರಟಿರುವುದನ್ನು ವಾಚಕರು ಗಮನಿಸಬೇಕು.

ತಪ್ಪು ಹಿಡಿಯುವ ವಾಚಕರು

ಇಂತಹ ಬರವಣಿಗೆಯನ್ನು ಕ್ಲೆಮೆಂಟರು ಲೇಖಕನಿಗೂ ವಾಚಕನಿಗೂ ನಡೆಯುವ ಆಟವೆಂದು ಭಾವಿಸಿದ್ದರು: ತಪ್ಪು ಮಾಡದಿರುವುದು ಲೇಖಕನ ಪಾಲು, ತಪ್ಪು ಹಿಡಿಯುವುದು ವಾಚಕನ ಪಾಲು. ಆ ಆಟದಲ್ಲಿ ಅವರೂ ಒಮ್ಮೆ ಸೋತರು. ಹೆಚ್ಚು ಸೂಕ್ಷ್ಮವಾಗಿ ಲೆಕ್ಕ ಹಾಕಿದಾಗ ಧ್ರುವದ ಗುರುತ್ವ 300ರಷ್ಟನ್ನೂ ಮುಟ್ಟದೆಂದು ಮುಂದೆ ತಿಳಿದುಬಂದಿತು. ಅವರು ಅದನ್ನು ಒಪ್ಪಿಕೊಂಡರು. ಸ್ಟ್ರಾಂಡರ ಅಗೋಚರ ಕಾಯವಾದರೋ ಅನಂತರದ ವೀಕ್ಷಣೆಗಳಲ್ಲಿ ಸ್ಥಿರಪಡಲಿಲ್ಲ. ಆದರೂ ಇಂದಿಗೂ ಕಾದಂಬರಿ ತನ್ನ ಸತ್ತ್ವವನ್ನು ಕಳೆದುಕೊಂಡಿಲ್ಲ. 'ಹೀಗಿದ್ದರೆ ಹೀಗಾಗುವುದು' ಎಂಬ ತರ್ಕದ ಸರಪಣಿಯೇ ಅದರ ಬಲ.

ಎರಡನೆಯ ಉದಾಹರಣೆ ಲ್ಯಾರಿ ನಿವೆನರ 'ರಿಂಗ್‌ವರ್ಲ್ಡ್' (1970). ಇದರಲ್ಲಿ ನಕ್ಷತ್ರವೊಂದನ್ನು ಬಳಸಿ ನಿಂತ ಮಹಾ ಬಳೆಯೊಂದಿದೆ. ಅದರ ತ್ರಿಜ್ಯ ಸುಮಾರು 15 ಕೋಟಿ ಕಿಲೋಮೀಟರ್, ಅಗಲ ಸುಮಾರು 16 ಲಕ್ಷ ಕಿಲೋಮೀಟರ್. ಒಳಮೈಯಲ್ಲಿ ಜನವಸತಿ. ಭೂಮಿಯಷ್ಟೇ ತೂಕ ದೊರೆಯಬೇಕಾದರೆ ಬಳೆಯು ಸೆಕೆಂಡಿಗೆ ಸುಮಾರು 1,200 ಕಿಲೋಮೀಟರ್ ವೇಗದಲ್ಲಿ ತಿರುಗಬೇಕು. ಇದು ಸೂರ್ಯನ ಸುತ್ತ ಭೂಮಿಯ ವೇಗದ ನಲವತ್ತರಷ್ಟು. ನಿವೆನರು ಈ ಲೆಕ್ಕವನ್ನು ಮಾಡಿದ್ದರು, ಮರೆತದ್ದು ಸ್ಥಿರತೆಯನ್ನು. ಬಳೆಯು ಕಿಂಚಿತ್ ಪಕ್ಕಕ್ಕೆ ಸರಿದರೆ, ನಕ್ಷತ್ರಕ್ಕೆ ಸಮೀಪವಾದ ಭಾಗದ ಮೇಲೆ ಸೆಳೆತ ಮತ್ತಷ್ಟು ಹೆಚ್ಚುತ್ತದೆ. ಸರಿತ ಬೆಳೆಯುತ್ತ ಹೋಗಿ ಬಳೆಯು ನಕ್ಷತ್ರಕ್ಕೆ ತಗಲುತ್ತದೆ. ಸಮನಾದ ಘನ ಬಳೆ ಹೀಗೆ ನಿಲ್ಲಲಾರದೆಂದು ಮ್ಯಾಕ್ಸ್‌ವೆಲ್ಲರು ಶನಿಯ ಬಳೆಗಳ ವಿಷಯದಲ್ಲಿ 1859ರಲ್ಲಿಯೇ ತೋರಿಸಿದ್ದರು.

1971ರಲ್ಲಿ ಬಾಸ್ಟನ್ ನಗರದಲ್ಲಿ ನಡೆದ ವೈಜ್ಞಾನಿಕ ಕಥಾಪ್ರೇಮಿಗಳ ವಿಶ್ವಸಮ್ಮೇಳನದಲ್ಲಿ ಎಂ.ಐ.ಟಿ. ವಿದ್ಯಾರ್ಥಿಗಳು 'ಬಳೆ ಅಸ್ಥಿರ' ಎಂದು ಕೂಗುತ್ತ ಓಡಾಡಿದರು! ನಿವೆನರು ಮುನಿಯಲಿಲ್ಲ. ಹಲವು ವರ್ಷಗಳ ತರುವಾಯ ಬರೆದ ಎರಡನೆಯ ಕಾದಂಬರಿಯಲ್ಲಿ, ಬಳೆಯನ್ನು ಸ್ವಸ್ಥಾನದಲ್ಲಿ ನಿಲ್ಲಿಸಲು ಅಂಚಿನಲ್ಲಿ ಜೆಟ್ ಯಂತ್ರಗಳಿದ್ದವೆಂದೂ, ಅವುಗಳಲ್ಲಿ ಬಹುಪಾಲನ್ನು ನಿವಾಸಿಗಳು ಕಿತ್ತು ತಮ್ಮ ಆಕಾಶನೌಕೆಗಳಿಗೆ ಬಳಸಿಕೊಂಡರೆಂದೂ, ಈಗ ಬಳೆಯು ವಿನಾಶದತ್ತ ಸರಿಯುತ್ತಿದೆಯೆಂದೂ ಕಥೆ ಹೆಣೆದರು. ವಾಚಕರ ಆಕ್ಷೇಪಣೆಯೇ ಹೊಸ ಕೃತಿಯ ಬೀಜವಾಯಿತು.

ಈ ಆಟದಲ್ಲಿ ಸೇರಲು ಮಹಾಪಾಂಡಿತ್ಯ ಬೇಕಿಲ್ಲ. ಮ್ಯಾಕ್ಸ್‌ವೆಲ್ಲರ ಗಣಿತ ಕಠಿಣವಾದರೂ, ಬಳೆಯ ವೇಗವನ್ನು ಕಾಲೇಜಿನ ಮೊದಲ ವರ್ಷದ ಸೂತ್ರದಿಂದ ಕಂಡುಹಿಡಿಯಬಹುದು. ಬರೆಯಬಯಸುವ ವಿದ್ಯಾರ್ಥಿಯು ತಾನು ಚೆನ್ನಾಗಿ ಬಲ್ಲ ಒಂದು ಸೂತ್ರವನ್ನು ಆರಿಸಿಕೊಳ್ಳಲಿ. ಅದರಲ್ಲಿ ಒಂದೇ ಒಂದು ಸಂಖ್ಯೆಯನ್ನು ಬದಲಿಸಲಿ. ಅನಂತರ ಆ ಲೋಕದಲ್ಲಿ ಮಳೆ ಹೇಗೆ ಬೀಳುವುದು, ಮನೆ ಹೇಗಿರುವುದು, ತಾಯಿ ಮಗುವಿಗೆ ಯಾವುದರ ಭಯ ಹೇಳುವಳು ಎಂದು ಕೇಳುತ್ತ ಹೋಗಲಿ. ಉತ್ತರ ತನಗೆ ಅನುಕೂಲವಾಗಿಲ್ಲವೆಂದು ಲೆಕ್ಕವನ್ನು ತಿದ್ದದಿರಲಿ. ಅನನುಕೂಲವಾದ ಉತ್ತರದಲ್ಲಿಯೇ ಅನೇಕ ವೇಳೆ ಕಥೆ ಅಡಗಿರುತ್ತದೆ.