ಹಾಲು ಒಡೆಯದ ನಿಂಬೆಗಂಪು

ಕಾಯಿಸಿದ ಹಾಲಿಗೆ ನಿಂಬೆರಸ ಬಿದ್ದರೆ ಏನಾಗುತ್ತದೆಂದು ಅಡುಗೆಮನೆಯ ಪರಿಚಯವಿರುವ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಹಾಲು ಒಡೆದು ನೀರು ಬೇರೆ, ಗಟ್ಟಿ ಬೇರೆಯಾಗುತ್ತದೆ. ಆದರೆ ಆಸ್ಟ್ರೇಲಿಯದ ಮರವೊಂದರ ಎರಡು ಎಲೆಗಳನ್ನು ಬಿಸಿ ಹಾಲಿಗೆ ಹಾಕಿ ಐದು ನಿಮಿಷ ಮುಚ್ಚಿಟ್ಟರೆ ಹಾಲು ಹಾಲಾಗಿಯೇ ಉಳಿಯುತ್ತದೆ. ಲೋಟವನ್ನು ಮೂಗಿನ ಹತ್ತಿರ ತಂದರೆ ಮಾತ್ರ ಆಗತಾನೆ ಕೊಯ್ದ ನಿಂಬೆಯ ಸಿಪ್ಪೆಯ ವಾಸನೆ! ಹುಳಿ ಹನಿಯಷ್ಟೂ ಇಲ್ಲ.

ಈ ಎಲೆಗೆ ಅಲ್ಲಿನವರು ಇಟ್ಟಿರುವ ಹೆಸರು ಲೆಮನ್ ಮಿರ್ಟಲ್. ಸಸ್ಯಶಾಸ್ತ್ರದಲ್ಲಿ ಇದು ಬ್ಯಾಕ್‌ಹೌಸಿಯ ಸಿಟ್ರಿಯೊಡೋರ. 1830ರ ದಶಕದಲ್ಲಿ ಆಸ್ಟ್ರೇಲಿಯದಲ್ಲಿ ಸುತ್ತಾಡಿದ ಕ್ವೇಕರ್ ಪಂಥದ ಧರ್ಮಪ್ರಚಾರಕ ಹಾಗೂ ಸಸ್ಯಪ್ರಿಯ ಜೇಮ್ಸ್ ಬ್ಯಾಕ್‌ಹೌಸ್‌ನ ನೆನಪು ಮೊದಲ ಪದದಲ್ಲಿದೆ. ಎರಡನೆಯ ಪದಕ್ಕೆ ನಿಂಬೆಯ ಕಂಪುಳ್ಳದ್ದು ಎಂದು ಅರ್ಥ. ಕ್ವೀನ್ಸ್‌ಲ್ಯಾಂಡ್ ರಾಜ್ಯದ ಕರಾವಳಿಯ ಮಳೆಕಾಡುಗಳು ಇದರ ತವರು. ಅಲ್ಲಿನ ಅಡುಗೆ ಪುಸ್ತಕಗಳು ಇದನ್ನು ಪುದೀನ, ಕೊತ್ತಂಬರಿಗಳಂಥ ಸೊಪ್ಪುಗಳ ಸಾಲಿನಲ್ಲಿ ಕೂರಿಸಿದರೂ ಇದು ಕಾಡಿನಲ್ಲಿ 20 ಮೀಟರಿನಷ್ಟು ಬೆಳೆಯಬಲ್ಲ ಮರ. ನಮ್ಮ ಕರಿಬೇವೂ ಮರವೇ ತಾನೆ? ಮನೆಯ ಹಿತ್ತಿಲಿನಲ್ಲಿ ಸವರುತ್ತ ಬಂದರೆ ಆಳೆತ್ತರದ ಪೊದೆಯಾಗಿ ನಿಲ್ಲುತ್ತದೆ. ನೇರಳೆ, ಸೀಬೆ, ಲವಂಗ, ನೀಲಗಿರಿ ಇವೆಲ್ಲ ಇದರ ಕುಟುಂಬದವು. ಈ ಕುಟುಂಬದ ಒಂದು ಗುರುತು ಇದರಲ್ಲೂ ಇದೆ: ಎಲೆಯನ್ನು ಬೆಳಕಿಗೆ ಹಿಡಿದರೆ ಸೂಜಿಯಿಂದ ಚುಚ್ಚಿದಂಥ ಸಣ್ಣ ಸಣ್ಣ ಚುಕ್ಕೆಗಳು ಕಾಣುತ್ತವೆ. ಅವು ತೈಲದ ಗ್ರಂಥಿಗಳು. ಕಂಪೆಲ್ಲ ಅಡಗಿರುವುದು ಅಲ್ಲಿ.

ನಿಂಬೆಹಣ್ಣಿನಲ್ಲಿ ಎರಡು ಗುಣಗಳು ಒಟ್ಟಿಗೆ ಇರುವುದರಿಂದ ಅವೆರಡೂ ಒಂದೇ ಎಂಬ ಭಾವನೆ ನಮಗೆ ಬಂದುಬಿಟ್ಟಿದೆ. ಹುಳಿ ಇರುವುದು ರಸದಲ್ಲಿ. ಅದಕ್ಕೆ ಕಾರಣ ಸಿಟ್ರಿಕ್ ಆಮ್ಲ. ಕಂಪು ಇರುವುದು ಸಿಪ್ಪೆಯ ತೈಲದಲ್ಲಿ. ಈ ತೈಲದ ಬಹುಪಾಲು ಲಿಮೊನೀನ್ ಎಂಬ ವಸ್ತು. ಆದರೆ ಮೂಗು ‘ಇದು ನಿಂಬೆ’ ಎಂದು ಗುರುತು ಹಿಡಿಯುವುದು ಮುಖ್ಯವಾಗಿ ಸಿಟ್ರಾಲ್ ಎಂಬ ಇನ್ನೊಂದು ವಸ್ತುವಿನಿಂದ. ಸಿಪ್ಪೆಯ ತೈಲದಲ್ಲಿ ಸಿಟ್ರಾಲ್‌ನ ಪಾಲು ನೂರಕ್ಕೆ ಐದರಷ್ಟೂ ಇರುವುದು ಕಷ್ಟ. ಲೆಮನ್ ಮಿರ್ಟಲ್ ಎಲೆಯ ತೈಲದಲ್ಲಾದರೋ ಅದು ನೂರಕ್ಕೆ 90ನ್ನೂ ಮೀರುತ್ತದೆ. ನಿಂಬೆಗಿಂತ ಹೆಚ್ಚು ನಿಂಬೆ ಎಂದು ಅಲ್ಲಿನ ಬಾಣಸಿಗರು ಹೊಗಳುವುದಕ್ಕೆ ಆಧಾರವಿಲ್ಲದಿಲ್ಲ. ಹಾಲಿನ ಪ್ರೋಟೀನು ಗಟ್ಟಿಯಾಗಿ ಬೇರ್ಪಡಲು ಆಮ್ಲ ಬೇಕು. ಎಲೆಯಲ್ಲಿ ಅಷ್ಟು ಆಮ್ಲ ಇಲ್ಲವಾದ್ದರಿಂದ ಹಾಲಿಗೆ ಅಪಾಯವೂ ಇಲ್ಲ.

ಮುಚ್ಚಳದ ಮಹಿಮೆ

ಈ ಎಲೆಯಿಂದ ಪಾನೀಯ ಮಾಡುವವರು ಸಾಮಾನ್ಯವಾಗಿ ಎಡವುವುದು ಕಷಾಯದ ಅಭ್ಯಾಸದಿಂದ. ಕಷಾಯವೆಂದರೆ ಚೆನ್ನಾಗಿ ಕುದಿಯಬೇಕು, ನಾಲ್ಕು ಲೋಟ ಒಂದಾಗಬೇಕು ಎಂಬುದು ನಮ್ಮ ಮನೆಗಳ ಕ್ರಮ. ಮೆಣಸು, ಜೀರಿಗೆ, ಶುಂಠಿಗಳಿಗೆ ಅದು ಸರಿ. ಇಲ್ಲಿ ಹಾಗೆ ಮಾಡಿದರೆ ಕೆಟ್ಟಿತು. ಸಿಟ್ರಾಲ್ ಒಂದೇ ಕುದಿಯಬೇಕಾದರೆ 220 ಡಿಗ್ರಿ ಸೆಲ್ಸಿಯಸ್ ದಾಟಬೇಕು, ನಿಜ. ಆದರೆ ನೀರಿನ ಜೊತೆಗಿದ್ದಾಗ ಅದು ಅಷ್ಟು ಕಾಯುವುದಿಲ್ಲ. ನೀರಿನ ಹಬೆ ಅದನ್ನು ಬೆನ್ನಿಗೆ ಕಟ್ಟಿಕೊಂಡು 100 ಡಿಗ್ರಿಯೊಳಗೇ ಹೊರಟುಬಿಡುತ್ತದೆ. ಕಾರ್ಖಾನೆಗಳಲ್ಲಿ ಎಲೆಯಿಂದ ತೈಲ ತೆಗೆಯುವುದೂ ಇದೇ ಹಬೆಯ ಬಟ್ಟಿ ಇಳಿಸುವಿಕೆಯಿಂದ. ಪಾತ್ರೆಯ ಬಾಯಿ ತೆರೆದಿಟ್ಟು ಎಲೆ ಕುದಿಸಿದರೆ ಮನೆಯೆಲ್ಲ ಘಮಘಮ ಎನ್ನುತ್ತದೆ. ಹಾಗೆ ಘಮಘಮಿಸಿದ್ದೆಲ್ಲ ಲೋಟಕ್ಕೆ ಬರದೆ ತಪ್ಪಿಸಿಕೊಂಡದ್ದು. ಉಳಿಯುವುದು ಎಲೆಯ ಒಗರು ಮತ್ತು ನೀಲಗಿರಿ ಎಣ್ಣೆಯನ್ನು ನೆನಪಿಸುವ ಔಷಧಿಯ ರುಚಿ.

ಆದ್ದರಿಂದ ನೀರು ಕುದಿ ಬಂದ ಮೇಲೆ ಒಲೆ ಆರಿಸಿ, ಒಂದು ನಿಮಿಷ ಬಿಟ್ಟು ಎಲೆ ಹಾಕಬೇಕು. ಒಂದು ಲೋಟಕ್ಕೆ ಹಸಿ ಎಲೆಯಾದರೆ ಎರಡೋ ಮೂರೋ ಸಾಕು. ಒಣಗಿಸಿ ಪುಡಿ ಮಾಡಿದ್ದಾದರೆ ಅರ್ಧ ಚಮಚ. ಹಸಿ ಎಲೆಯನ್ನು ಕೈಯಲ್ಲಿ ಹರಿದು ಹಾಕಿದರೆ ಗ್ರಂಥಿಗಳು ಒಡೆಯುತ್ತವೆ. ಹಾಕಿದ ಕೂಡಲೇ ತಟ್ಟೆ ಮುಚ್ಚಿ ಐದು ನಿಮಿಷ ಬಿಟ್ಟು ಸೋಸಬೇಕು. ತಟ್ಟೆ ತೆಗೆದಾಗ ಅದರ ಒಳಮೈಗೆ ಹತ್ತಿದ ಹನಿಗಳನ್ನು ಪಾತ್ರೆಗೇ ಕೊಡವಿಕೊಳ್ಳುವುದು ಜಾಣತನ, ಏಕೆಂದರೆ ಹಬೆಯ ಜೊತೆ ಎದ್ದ ತೈಲ ತಂಪಾಗಿ ಅಲ್ಲಿಯೇ ಕೂತಿರುತ್ತದೆ. ಜೇನುತುಪ್ಪ ಬೇಕೆನ್ನುವವರು ಬೆರೆಸಬಹುದು. ಬೇಸಿಗೆಯಲ್ಲಿ ಬೆಂಕಿಯ ಗೊಡವೆಯೇ ಬೇಡವೆಂದರೆ ಹತ್ತು ಎಲೆಗಳನ್ನು ಒಂದು ಲೀಟರ್ ತಣ್ಣೀರಿಗೆ ಹಾಕಿ ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟರೂ ಆಯಿತು. ಇದರಲ್ಲಿ ಒಗರು ಇನ್ನೂ ಕಡಿಮೆ.

ಶರಬತ್ತಿನ ಪಾಕವೂ ಕಷ್ಟದ್ದಲ್ಲ. ಎರಡು ಲೋಟ ಸಕ್ಕರೆಯನ್ನು ಎರಡು ಲೋಟ ನೀರಿನಲ್ಲಿ ಕರಗುವ ತನಕ ಕಾಯಿಸಿ, ಕೆಳಗಿಳಿಸಿ, ಹದಿನೈದು ಎಲೆ ಮುಳುಗಿಸಿ ಮುಚ್ಚಿ, ಪೂರ್ತಿ ಆರಿದ ಮೇಲೆ ಸೋಸಿ ಸೀಸೆಗೆ ತುಂಬಿಡುವುದು. ಫ್ರಿಜ್ಜಿನಲ್ಲಿ ಒಂದೆರಡು ವಾರ ಇರುತ್ತದೆ. ಬೇಕಾದಾಗ ತಣ್ಣೀರೋ ಸೋಡವೋ ಬೆರೆಸಿ ಕುಡಿಯಬಹುದು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಪಾಕಕ್ಕೆ ಹುಳಿ ಸಾಲದೆಂದು ಸೀಸೆಗೇ ನಿಂಬೆರಸವನ್ನೋ ಸಿಟ್ರಿಕ್ ಆಮ್ಲದ ಹರಳನ್ನೋ ಹಾಕಿಡುವುದು ಸಹಜವಾಗಿ ತೋರುವ ಕೆಲಸ. ಆದರೆ ಸಿಟ್ರಾಲ್‌ಗೆ ಆಮ್ಲ ಬಹುದಿನದ ಗೆಳೆಯನಲ್ಲ. ಆಮ್ಲದಲ್ಲಿ ಕೂತ ಸಿಟ್ರಾಲ್ ಅಣು ದಿನ ಕಳೆದಂತೆ ಮಡಚಿಕೊಂಡು ಬೇರೆ ಬೇರೆ ವಸ್ತುಗಳಾಗುತ್ತದೆ. ಅವುಗಳಲ್ಲಿ ಕೆಲವಕ್ಕೆ ಫಿನಾಯಿಲಿನ ನೆನಪು ತರುವ ವಾಸನೆ. ಅಂಗಡಿಯ ನಿಂಬೆ ಪಾನೀಯಗಳು ಹಳತಾದಾಗ ಮುಗ್ಗಲು ಹಿಡಿದಂತೆ ಅನಿಸುವುದಕ್ಕೂ ಇದೊಂದು ಕಾರಣ, ಪಾನೀಯ ತಯಾರಕರಿಗೆ ಬಹುಕಾಲದ ತಲೆನೋವು. ಮನೆಯಲ್ಲಿ ಇದಕ್ಕೆ ಪರಿಹಾರ ಬಲು ಸುಲಭ. ಹುಳಿಯನ್ನು ಕುಡಿಯುವ ಹೊತ್ತಿಗೆ ಲೋಟಕ್ಕೆ ಹಿಂಡಿಕೊಂಡರೆ ಮುಗಿಯಿತು.

ಆಸ್ಟ್ರೇಲಿಯದ ಮನೆಗಳಲ್ಲಿ ಜಿಂಜರ್ ಬಿಯರ್ ಎಂಬ ಶುಂಠಿ ಪಾನೀಯ ಮಾಡುವ ರೂಢಿ ಹಳೆಯದು. ಹೆಸರಿಗೆ ಬಿಯರ್ ಆದರೂ ಮಕ್ಕಳೂ ಕುಡಿಯುವ ನೊರೆನೊರೆ ಪಾನಕ ಅದು. ಈಗ ಅದಕ್ಕೂ ಈ ಎಲೆ ಸೇರುತ್ತಿದೆ. ತುರಿದ ಶುಂಠಿ, ಸಕ್ಕರೆ, ನೀರು ಕುದಿಸಿ, ಇಳಿಸಿ, ಎಲೆ ಹಾಕಿ ಮುಚ್ಚಿ, ಉಗುರು ಬೆಚ್ಚಗಾದ ಮೇಲೆ ಸೋಸಿ, ಎರಡು ಲೀಟರಿಗೆ ಕಾಲು ಚಮಚದಷ್ಟು ಯೀಸ್ಟ್ ಬೆರೆಸಬೇಕು. ನೀರು ಇನ್ನೂ ಬಿಸಿಯಿದ್ದರೆ ಯೀಸ್ಟ್ ಸಾಯುತ್ತದೆ. ಇದನ್ನು ಗಾಜಿನ ಸೀಸೆಗೆ ತುಂಬಬಾರದು. ಯೀಸ್ಟ್ ಸಕ್ಕರೆ ತಿಂದು ಬಿಡುವ ಇಂಗಾಲದ ಡೈಆಕ್ಸೈಡು ಮುಚ್ಚಿದ ಸೀಸೆಯನ್ನು ಸಿಡಿಸಿದ ಉದಾಹರಣೆಗಳು ಬೇಕಾದಷ್ಟಿವೆ. ಸೋಡದ ಪ್ಲಾಸ್ಟಿಕ್ ಬಾಟಲಿಯಾದರೆ ಹಿಸುಕಿ ನೋಡಬಹುದು. ಕಲ್ಲಿನಂತೆ ಗಟ್ಟಿಯಾಯಿತೆಂದರೆ ಫ್ರಿಜ್ಜಿಗೆ ಸೇರಿಸುವ ಹೊತ್ತು. ಸೆಕೆಗಾಲದಲ್ಲಿ ಅದಕ್ಕೆ ಒಂದು ದಿನ ಸಾಕು. ಅತ್ಯಲ್ಪ ಮದ್ಯಸಾರವೂ ಇದರಲ್ಲಿ ಹುಟ್ಟುತ್ತದೆ ಎಂಬುದನ್ನು ವ್ರತನಿಷ್ಠರು ತಿಳಿದಿರಬೇಕು.

ಎಲೆಯ ಬದಲು ತೈಲದ ಸಣ್ಣ ಸೀಸೆ ತಂದು ಎರಡು ಹನಿ ಬೆರೆಸಿಕೊಳ್ಳುವ ಅಡ್ಡದಾರಿ ಮಾತ್ರ ಬೇಡವೇ ಬೇಡ. ಗಟ್ಟಿ ಸಿಟ್ರಾಲ್ ಚರ್ಮವನ್ನೇ ಕೆರಳಿಸುವಂಥದು. ಗಂಟಲಿನ ಒಳಪೊರೆಯ ಪಾಡು ಊಹಿಸಬಹುದು.

ಯಾರ ಎಲೆ?

ಈ ಎಲೆಯ ಪರಿಚಯ ಎಲ್ಲರಿಗಿಂತ ಮೊದಲು ಇದ್ದದ್ದು ಆಸ್ಟ್ರೇಲಿಯದ ಮೂಲನಿವಾಸಿಗಳಿಗೆ. ಅಡುಗೆಗೂ ಮದ್ದಿಗೂ ಅವರು ಇದನ್ನು ಬಳಸುತ್ತ ಬಂದವರು. ಕಾಡಿನಿಂದ ಪಾನೀಯ ಪಡೆಯುವ ಅವರ ವಿದ್ಯೆ ದೊಡ್ಡದು. ಬ್ಯಾಂಕ್ಸಿಯದ ಮಕರಂದ ತುಂಬಿದ ಹೂಗಳನ್ನು ನೀರಿನಲ್ಲಿ ನೆನೆಹಾಕಿ ಸಿಹಿ ಪಾನಕ ಮಾಡುತ್ತಿದ್ದರು. ತಾಸ್ಮೇನಿಯದಲ್ಲಿ ಒಂದು ಜಾತಿಯ ನೀಲಗಿರಿ ಮರದ ಸಿಹಿ ರಸ ತಾನಾಗಿ ಹುದುಗಿದ ಮೇಲೆ ಕುಡಿಯುತ್ತಿದ್ದರು, ಹೆಚ್ಚುಕಡಿಮೆ ನಮ್ಮ ಹೆಂಡದ ಹಾಗೆ. 1788ರಲ್ಲಿ ಸಿಡ್ನಿಯಲ್ಲಿ ಬಂದಿಳಿದ ಬ್ರಿಟಿಷರು ಚಹ ಸಿಗದೆ ಅಲ್ಲಿನ ಕಾಡುಬಳ್ಳಿಯೊಂದರ ಎಲೆ ಕಾಯಿಸಿ ‘ಸಿಹಿ ಚಹ’ ಎಂದು ಕುಡಿದರು. ನಿಂಬೆಗಂಪಿನ ಮರ ಬಿಳಿಯರ ವ್ಯಾಪಾರಕ್ಕೆ ಸಿಕ್ಕಿದ್ದು ತಡವಾಗಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ನಿಂಬೆಯ ಸಾರಕ್ಕೆ ಬರ ಬಂದಾಗ ಟ್ಯಾರಾಕ್ಸ್ ಎಂಬ ಪಾನೀಯ ಕಂಪನಿ ಇದರ ತೈಲವನ್ನು ತನ್ನ ನಿಂಬೆ ಪಾನೀಯಕ್ಕೆ ಬಳಸಿತು. ತೋಟಗಳು ಎದ್ದದ್ದು 1990ರ ದಶಕದಲ್ಲಿ. ಇಂದು ಚಹದ ಪೊಟ್ಟಣದಿಂದ ಸೋಪಿನವರೆಗೆ ಎಲ್ಲದರಲ್ಲೂ ಈ ಎಲೆ ಇದೆ. ಆ ವಹಿವಾಟಿನಲ್ಲಿ ಮೂಲನಿವಾಸಿಗಳ ಪಾಲು ಮಾತ್ರ ತೀರ ಸಣ್ಣದು. ಪೊಟ್ಟಣದ ಮೇಲೆ ಅವರ ಚಿತ್ರಕಲೆಯ ಚುಕ್ಕೆಗಳನ್ನು ಅಚ್ಚು ಹಾಕಿದ ಮಾತ್ರಕ್ಕೆ ಆ ಲೆಕ್ಕ ಚುಕ್ತಾ ಆಗುವುದಿಲ್ಲ.

ಮರಕ್ಕೂ ಈಗ ಕಷ್ಟಕಾಲ. 2010ರ ಏಪ್ರಿಲ್‌ನಲ್ಲಿ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಮಿರ್ಟಲ್ ರಸ್ಟ್ ಎಂಬ ತುಕ್ಕುರೋಗ ಕಾಣಿಸಿಕೊಂಡು, ಆ ವರ್ಷ ಮುಗಿಯುವುದರೊಳಗೆ ಕ್ವೀನ್ಸ್‌ಲ್ಯಾಂಡ್ ಮುಟ್ಟಿತು. ಇದೊಂದು ಶಿಲೀಂಧ್ರ, ದಕ್ಷಿಣ ಅಮೆರಿಕ ಮೂಲದ್ದು. ಅರಿಸಿನದ ಪುಡಿ ಉದುರಿಸಿದಂತೆ ಎಲೆಯ ಮೇಲೆ ಹಳದಿ ಬೀಜಕಣಗಳು ಏಳುತ್ತವೆ, ಗಾಳಿ ಅವನ್ನು ಮೈಲುಗಟ್ಟಲೆ ಒಯ್ಯುತ್ತದೆ. ಬಲಿತ ಎಲೆಯ ತಂಟೆಗೆ ಹೋಗದೆ ಎಳೆ ಚಿಗುರನ್ನೇ ಹಿಡಿಯುವುದು ಇದರ ಗುಣ. ಲೆಮನ್ ಮಿರ್ಟಲ್ ಬೆಳೆಗಾರನ ಸಂಕಟ ಇಲ್ಲಿದೆ. ಕೊಯ್ಲೆಂದರೆ ಕೊಂಬೆ ಸವರುವುದು, ಸವರಿದರೆ ಚಿಗುರುವುದು, ಚಿಗುರಿದರೆ ತುಕ್ಕು. ಔಷಧಿ ಹೊಡೆಯೋಣವೆಂದರೆ ಜನ ಕುಡಿಯುವ ಎಲೆ. ಆಸ್ಟ್ರೇಲಿಯದ 300ಕ್ಕೂ ಹೆಚ್ಚು ಜಾತಿಯ ಗಿಡಮರಗಳಿಗೆ ಈ ರೋಗ ಹತ್ತಬಲ್ಲದು. ಅಲ್ಲಿನ ಕಾಡುಸೀಬೆಯಂಥ ಕೆಲವು ಜಾತಿಗಳು ಇದರ ಹೊಡೆತಕ್ಕೆ ಕಾಡಿನಿಂದಲೇ ಅಳಿಯುವ ಸ್ಥಿತಿಗೆ ಬಂದಿವೆ.

ಮಕ್ಕಳನ್ನು ನೋಡಲು ಸಿಡ್ನಿಗೋ ಮೆಲ್ಬರ್ನ್‌ಗೋ ಹೋಗಿ ಬರುವ ಕನ್ನಡಿಗರು ಈಗ ಕಡಿಮೆಯೇನಿಲ್ಲ. ಹಿತ್ತಿಲಿನ ಗಿಡದ ಒಂದು ಕಡ್ಡಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿ ತರುವ ಆಸೆ ಯಾರಿಗಾದರೂ ಆದೀತು. ಪರವಾನಗಿ ಮತ್ತು ಸಸ್ಯಾರೋಗ್ಯ ಪತ್ರವಿಲ್ಲದೆ ಹಾಗೆ ಗಿಡ ತರುವುದು ನಮ್ಮ ಕಾನೂನಿಗೆ ವಿರುದ್ಧ. ಕಾನೂನು ಹಾಗಿರಲಿ, ಈ ತುಕ್ಕನ್ನು ವಿಜ್ಞಾನಿಗಳು ಮೊಟ್ಟಮೊದಲು ದಾಖಲಿಸಿದ್ದು 1884ರಲ್ಲಿ, ಬ್ರೆಜಿಲ್ ದೇಶದ ಸೀಬೆ ಗಿಡದ ಮೇಲೆ! ಸೀಬೆ ತೋಟವಿರುವ, ನೇರಳೆ ನೆರಳಿರುವ ನಾಡಿಗೆ ಅಂಥ ಕಡ್ಡಿ ಬರಬಾರದು.

ಬರಬೇಕಾದ ಅಗತ್ಯವಾದರೂ ಏನಿದೆ? ಮಲೆನಾಡಿನ ಮನೆಗಳ ಬಚ್ಚಲ ನೀರು ಹರಿಯುವಲ್ಲಿ ಬೆಳೆದು ನಿಂತ ಮಜ್ಜಿಗೆ ಹುಲ್ಲಿನ ಕಂಪೂ ಇದೇ ಸಿಟ್ರಾಲ್‌ನದು. ಕೇರಳದ ಕಡೆಯಿಂದ ‘ಕೊಚ್ಚಿನ್ ಎಣ್ಣೆ’ ಎಂಬ ಹೆಸರಿನಲ್ಲಿ ಹೊರದೇಶಕ್ಕೆ ಹೋಗುತ್ತಿದ್ದುದು ಈ ಜಾತಿಯ ಹುಲ್ಲಿನ ತೈಲವೇ. ಅದರಲ್ಲಿ ಸಿಟ್ರಾಲ್ ನೂರಕ್ಕೆ ಎಪ್ಪತ್ತು ಎಂಬತ್ತರಷ್ಟು, ಎಲೆಯಲ್ಲಿ ತೈಲದ ಪ್ರಮಾಣವೂ ಕಡಿಮೆ. ಆದಕಾರಣ ಲೋಟಕ್ಕೆ ಗೇಣುದ್ದದ ನಾಲ್ಕೈದು ಗರಿಗಳು ಬೇಕಾಗುತ್ತವೆ. ಗಂಟು ಹಾಕಿ, ಬುಡವನ್ನು ಒಂದು ಏಟು ಜಜ್ಜಿ, ಒಲೆ ಆರಿಸಿದ ನೀರಿಗೋ ಹಾಲಿಗೋ ಹಾಕಿ ತಟ್ಟೆ ಮುಚ್ಚಬೇಕು. ಹುಲ್ಲು ಗಟ್ಟಿ ನಾರಿನದಾದ್ದರಿಂದ ಐದರ ಬದಲು ಹತ್ತು ನಿಮಿಷ ಬಿಡಬಹುದು.